ತೈಲ ಸಿಕ್ಕಿತು, ಮುಂದೇನು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೈಲ ಸಿಕ್ಕ ಬಡ ದೇಶಗಳಲ್ಲಿ ಬೇಸಾಯವೂ ಕಾರ್ಖಾನೆಗಳೂ ಸೊರಗುತ್ತವೆ ಎಂದು ಓದಿದ್ದೇನೆ. ಡಾಲರ್ ಹೊಳೆಯಂತೆ ಹರಿದು ಬಂದರೆ ರೈತನಿಗೇಕೆ ನಷ್ಟ?

ಉತ್ತರ: ನಷ್ಟವಾಗುವುದು ವಿನಿಮಯ ದರದಿಂದ. ಒಂದು ಡಾಲರ್‌ಗೆ ಆ ದೇಶದ 10 ನಾಣ್ಯ ಎಂದಿಟ್ಟುಕೊಳ್ಳಿ. 100 ಡಾಲರ್ ಬೆಲೆಯ ಕೋಕೋ ಮಾರಿದರೆ ಬೆಳೆಗಾರನ ಕೈಗೆ 1,000 ಬರುತ್ತದೆ. ತೈಲದ ಡಾಲರ್ ತುಂಬಿ ದರ 7ಕ್ಕೆ ಇಳಿದರೆ ಅದೇ ಕೋಕೋಗೆ ಸಿಗುವುದು 700. ಅತ್ತ ಸರ್ಕಾರಿ ಕಟ್ಟಡ, ರಸ್ತೆ ಕಾಮಗಾರಿಗಳು ಹೆಚ್ಚು ಕೂಲಿ ಕೊಟ್ಟು ಆಳುಗಳನ್ನು ಸೆಳೆದುಕೊಳ್ಳುತ್ತವೆ. ಹೊರಗಿನ ಅಕ್ಕಿ, ಬಟ್ಟೆ ಅಗ್ಗವಾಗುತ್ತವೆ. ಆದಾಯ ಇಳಿದು ಖರ್ಚು ಏರಿದ ಮೇಲೆ ತೋಟ ಪಾಳು ಬೀಳುತ್ತದೆ. ‘ಡಚ್ ಕಾಯಿಲೆ’ ಎನ್ನುವುದು ಇದನ್ನೇ. 1959ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಅನಿಲ ಸಿಕ್ಕಿದ ಮೇಲಿನ ಅನುಭವದಿಂದ ಬಂದ ಹೆಸರು.

ನೈಜೀರಿಯಾವನ್ನೂ ಇಂಡೊನೇಷ್ಯಾವನ್ನೂ ಪಕ್ಕಪಕ್ಕ ಇಟ್ಟು ನೋಡಿ. 1973ರ ತೈಲ ಬೆಲೆ ಏರಿಕೆಯಲ್ಲಿ ಇಬ್ಬರಿಗೂ ಹಣ ಸುರಿಯಿತು. ನೈಜೀರಿಯಾ ತನ್ನ ನಾಣ್ಯ ನಾಯಿರಾದ ಬೆಲೆಯನ್ನು 1986ರವರೆಗೂ ಇರಬೇಕಾದ್ದಕ್ಕಿಂತ ಮೇಲೆಯೇ ಹಿಡಿದಿಟ್ಟಿತು. ಕೋಕೋ, ತಾಳೆ ಎಣ್ಣೆ, ಕಡಲೆಕಾಯಿಯ ರಫ್ತು ಕುಸಿಯಿತು. (ಕಡಲೆಕಾಯಿಗೆ ಬರದ, ರೋಗದ ಪೆಟ್ಟೂ ಬಿದ್ದಿತ್ತು, ಎಲ್ಲ ಪಾಪವನ್ನೂ ತೈಲದ ತಲೆಗೆ ಕಟ್ಟಬೇಕಾಗಿಲ್ಲ.) ಇಂಡೊನೇಷ್ಯಾ 1978ರ ನವೆಂಬರ್‌ನಲ್ಲಿ ಡಾಲರ್‌ಗೆ 415 ಇದ್ದ ತನ್ನ ನಾಣ್ಯ ರುಪಿಯಾದ ಬೆಲೆ ತಗ್ಗಿಸಿ 625 ಮಾಡಿತು, ಅಂದರೆ ರಫ್ತಿನ ಪ್ರತಿ ಡಾಲರ್‌ಗೂ ಹೆಚ್ಚು ರುಪಿಯಾ ಸಿಗುವಂತಾಯಿತು. ತೈಲದ ಹಣವನ್ನು ಯೂರಿಯಾ ಕಾರ್ಖಾನೆ, ಕಾಲುವೆ, ಹಳ್ಳಿ ಶಾಲೆಗಳಿಗೆ ಹಾಕಿ, 1984ರ ಹೊತ್ತಿಗೆ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಹಾಗೆಂದು ಅಲ್ಲಿನ ಆಡಳಿತವೇನೂ ಶುದ್ಧವಾಗಿರಲಿಲ್ಲ. ಸರ್ಕಾರಿ ತೈಲ ಕಂಪನಿ ಪೆರ್ಟಮಿನಾ 1975ರಲ್ಲಿ ಸುಮಾರು 1,000 ಕೋಟಿ ಡಾಲರ್ ಸಾಲದಲ್ಲಿ ಸಿಕ್ಕಿಬಿದ್ದಿತ್ತು. ಎಲ್ಲಕ್ಕೂ ಭ್ರಷ್ಟಾಚಾರವೊಂದೇ ಕಾರಣ ಎನ್ನುವವರು ಈ ಉದಾಹರಣೆಗೆ ಉತ್ತರ ಹುಡುಕಬೇಕು.

ಪ್ರಶ್ನೆ: 100 ಬ್ಯಾರೆಲ್ ತೆಗೆದರೆ ದೇಶಕ್ಕೆ ನಿಜವಾಗಿ ಸಿಗುವುದೆಷ್ಟು?

ಉತ್ತರ: ಒಪ್ಪಂದದ ಮೂರು ಅಂಕಿಗಳನ್ನು ನೋಡಿದರೆ ನೀವೇ ಲೆಕ್ಕ ಹಾಕಬಹುದು: ರಾಯಧನ (ತೆಗೆದ ತೈಲದ ಮೇಲೆ ಸರ್ಕಾರಕ್ಕೆ ಸಲ್ಲುವ ಪಾಲು), ವೆಚ್ಚ ವಸೂಲಿಯ ಮಿತಿ (ಕಂಪನಿ ತನ್ನ ಖರ್ಚಿಗೆಂದು ಹೆಚ್ಚೆಂದರೆ ಮುರಿದುಕೊಳ್ಳಬಹುದಾದ ತೈಲ), ಲಾಭದ ಪಾಲು. ದಕ್ಷಿಣ ಅಮೆರಿಕದ ಗಯಾನಾ 2016ರಲ್ಲಿ ಸ್ಟಾಬ್ರೋಕ್ ಎಂಬ ತೈಲ ಕ್ಷೇತ್ರಕ್ಕೆ ಮಾಡಿಕೊಂಡ ಒಪ್ಪಂದದಲ್ಲಿ ರಾಯಧನ ಶೇ 2, ವೆಚ್ಚ ವಸೂಲಿಗೆ ಶೇ 75ರವರೆಗೆ ಅವಕಾಶ, ಉಳಿದದ್ದರಲ್ಲಿ ಸಮಪಾಲು. ಅಂದರೆ 100 ಬ್ಯಾರೆಲ್‌ನಲ್ಲಿ 75 ಕಂಪನಿಗಳ ವೆಚ್ಚಕ್ಕೆ ಹೋಗುತ್ತದೆ. ಮಿಕ್ಕ 25ರಲ್ಲಿ ಸರ್ಕಾರಕ್ಕೆ 12.5, ಕಂಪನಿಗಳು ತಮ್ಮ ಪಾಲಿನಿಂದ ಕೊಡುವ ರಾಯಧನದ 2 ಸೇರಿ 14.5. ವೆಚ್ಚವೆಲ್ಲ ವಸೂಲಾಗುತ್ತಾ ಬಂದು 25 ಬ್ಯಾರೆಲ್‌ಗೆ ಇಳಿದರೆ ಅದೇ ಲೆಕ್ಕದಲ್ಲಿ ಸರ್ಕಾರಕ್ಕೆ 39.5 ಸಿಗುತ್ತದೆ.

ಹಾಗಾಗಿ ಜಗಳವೆಲ್ಲ ‘ವೆಚ್ಚ’ ಎಂಬ ಒಂದು ಪದದ ಮೇಲೆ. ಮೊದಲ ಬಾವಿಯಿಂದ ತೈಲ ಬರುತ್ತಿರುವಾಗಲೇ ಕಂಪನಿ ನಾಲ್ಕನೆಯದನ್ನು ಕೊರೆಯಲು ಹೊರಡುತ್ತದೆ. ಎರಡರ ಲೆಕ್ಕಗಳ ನಡುವೆ ಬೇಲಿ ಇಲ್ಲದಿದ್ದರೆ ಹೊಸದರ ಖರ್ಚು ಹಳೆಯದರ ತೈಲದಿಂದಲೇ ಕಡಿತವಾಗುತ್ತದೆ. ಸರ್ಕಾರದ ದೊಡ್ಡ ಪಾಲು ವರ್ಷ ವರ್ಷವೂ ಮುಂದಕ್ಕೆ ಹೋಗುತ್ತದೆ. ಸ್ಟಾಬ್ರೋಕ್ ಒಪ್ಪಂದದಲ್ಲಿ ಆ ಬೇಲಿ ಇರಲಿಲ್ಲ. ಕಂಪನಿಗಳ ಆದಾಯ ತೆರಿಗೆಯನ್ನೂ ಸರ್ಕಾರವೇ ತನ್ನ ಪಾಲಿನಿಂದ ಕಟ್ಟಬೇಕಿತ್ತು. ಹೊಸ ಕ್ಷೇತ್ರಗಳಿಗೆ 2023ರಲ್ಲಿ ಗಯಾನಾ ರೂಪಿಸಿದ ಮಾದರಿಯಲ್ಲಿ ರಾಯಧನ ಶೇ 10, ವಸೂಲಿ ಮಿತಿ ಶೇ 65. ಮೊದಲ ಬಾವಿ ಕೊರೆಯುವಾಗ ಅಪಾಯ ಹೆಚ್ಚು, ಷರತ್ತು ಸಡಿಲ ಇರಬೇಕಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ತೈಲ ಇದೆಯೆಂದು 2015ರಲ್ಲೇ ಖಚಿತವಾಗಿತ್ತು, ಸಹಿ ಬಿದ್ದದ್ದು ಅದಾದ ಮರುವರ್ಷ.

ಇನ್ನೊಂದು ಮಾತು. ವೆಚ್ಚದ ಲೆಕ್ಕವನ್ನು ಪ್ರಶ್ನಿಸಲು ಒಪ್ಪಂದದಲ್ಲಿ ಗಡುವು ಇರುತ್ತದೆ, ಸಾಮಾನ್ಯವಾಗಿ ಎರಡು ಮೂರು ವರ್ಷ. ಅಷ್ಟರೊಳಗೆ ಲೆಕ್ಕ ತಪಾಸಣೆ ಮುಗಿಯದಿದ್ದರೆ ಉಬ್ಬಿಸಿದ ಬಿಲ್ಲೂ ಸರಿಯಾದ ಬಿಲ್ಲೇ ಆಗಿಬಿಡುತ್ತದೆ.

ಪ್ರಶ್ನೆ: ತೈಲದ ಹಣ ಕೂಡಿಡಲು ನಾರ್ವೆಯಂತೆ ಒಂದು ನಿಧಿ ಮಾಡಿ, ಕಾನೂನು ಬಿಗಿ ಮಾಡಿದರೆ ಸಾಲದೇ?

ಉತ್ತರ: ಆಫ್ರಿಕಾದ ಚಾಡ್ ಅದನ್ನೇ ಮಾಡಿತ್ತು. ಕ್ಯಾಮರೂನ್ ಕರಾವಳಿಗೆ 1,070 ಕಿ.ಮೀ. ಕೊಳವೆ ಮಾರ್ಗ ಹಾಕಲು ವಿಶ್ವಬ್ಯಾಂಕ್ ನೆರವು ಬೇಕಿತ್ತು. ಅದಕ್ಕಾಗಿ 1999ರಲ್ಲಿ, ನೇರ ತೈಲ ಆದಾಯದ ಶೇ 10ನ್ನು ಮುಂದಿನ ಪೀಳಿಗೆಗೆ ಎತ್ತಿಡುವ ಕಾನೂನು ಬಂತು. 2003ರಲ್ಲಿ ತೈಲ ಹರಿಯಿತು. 2006ರ ಹೊತ್ತಿಗೆ ಆ ನಿಧಿಯೇ ರದ್ದು. ಕೊಳವೆ ಹಾಕುವ ತನಕ ಬ್ಯಾಂಕಿನ ಮಾತು ನಡೆಯಿತು, ಹಾಕಿದ ಮೇಲೆ ಸರ್ಕಾರದ್ದೇ ಮಾತು. 2008ರಲ್ಲಿ ವಿಶ್ವಬ್ಯಾಂಕ್ ಸಾಲ ವಾಪಸ್ ಪಡೆದು ಹೊರನಡೆಯಿತು.

ನಾರ್ವೆಯ ಕಾನೂನು 1990ರದ್ದು, ಮೊದಲ ಕಂತು ಬಿದ್ದದ್ದು 1996ರಲ್ಲಿ. ನಡುವೆ ಆರು ವರ್ಷ ಖಾತೆ ಖಾಲಿ, ಏಕೆಂದರೆ ಬಜೆಟ್‌ನಲ್ಲಿ ಮಿಗುತಾಯ ಇರಲಿಲ್ಲ. ಈ ಸಣ್ಣ ಸಂಗತಿಯನ್ನು ನಕಲು ಮಾಡುವವರು ಬಿಟ್ಟುಬಿಡುತ್ತಾರೆ. ಘಾನಾ 2011ರ ಕಾನೂನಿನಂತೆ ಒಂದು ಕಡೆ ತೈಲದ ಹಣವನ್ನು ವಿದೇಶದಲ್ಲಿ ಕೂಡಿಡುತ್ತಿತ್ತು, ಇನ್ನೊಂದು ಕಡೆ 2015ರಲ್ಲಿ ಶೇ 10.75 ಬಡ್ಡಿಗೆ 100 ಕೋಟಿ ಡಾಲರ್ ಸಾಲ ಎತ್ತಿತು. ಆಗ ಅಮೆರಿಕ ಸರ್ಕಾರದ 10 ವರ್ಷದ ಬಾಂಡ್ ಕೊಡುತ್ತಿದ್ದುದು ಶೇ 2ರ ಆಸುಪಾಸು. ಅಂದರೆ ಕೂಡಿಟ್ಟ ಹಣ ಇಂಥ ಕಡೆ ಗಳಿಸುವುದಕ್ಕಿಂತ ಸಾಲಕ್ಕೆ ಕಟ್ಟುವ ಬಡ್ಡಿಯೇ ಬಹಳ ಹೆಚ್ಚು. ಬೆಲೆ ಬಿದ್ದಾಗ ತಡೆಯಲು ಒಂದಿಷ್ಟು ಹಣ ಬದಿಗಿಡಲಿ. ಅದಕ್ಕಿಂತ ಹೆಚ್ಚಿದ್ದರೆ ದುಬಾರಿ ಸಾಲ ತೀರಿಸುವುದೇ ಮೇಲು.

ಪ್ರಶ್ನೆ: ಬಜೆಟ್ ಮಾಡುವಾಗ ತೈಲ ಬೆಲೆ ಎಷ್ಟೆಂದು ಹಿಡಿಯಬೇಕು?

ಉತ್ತರ: ಘಾನಾ ಏಳು ವರ್ಷದ ಸರಾಸರಿ ಹಿಡಿಯುತ್ತದೆ: ಹಿಂದಿನ ನಾಲ್ಕು, ಚಾಲ್ತಿ ವರ್ಷ, ಮುಂದಿನ ಎರಡರ ಅಂದಾಜು. ಸಣ್ಣ ಏರಿಳಿತಕ್ಕೆ ಇದು ಚೆನ್ನಾಗಿ ಒದಗುತ್ತದೆ. ಬೆಲೆ ದಿಢೀರನೆ ಕುಸಿದರೆ ಹಿಂದಿನ ವರ್ಷಗಳು ಸರಾಸರಿಯನ್ನು ಮೇಲಕ್ಕೇ ಎಳೆದಿಟ್ಟಿರುತ್ತವೆ. 2015ರ ಬಜೆಟ್‌ನಲ್ಲಿ ಸುಮಾರು 99 ಡಾಲರ್ ಹಿಡಿದು, ವರ್ಷದ ಆರಂಭದಲ್ಲೇ ಅರ್ಧದಷ್ಟಕ್ಕೆ ಇಳಿಸಬೇಕಾಯಿತು. 2016ರ ಜನವರಿಯಲ್ಲಿ ಬ್ಯಾರೆಲ್ ಬೆಲೆ 30 ಡಾಲರ್‌ಗಿಂತ ಕೆಳಗೆ ಹೋಗಿತ್ತು.

ಪ್ರಶ್ನೆ: ಸ್ಥಳೀಯರಿಗೆ ಕೆಲಸವಾದರೂ ಸಿಗುತ್ತದಲ್ಲ?

ಉತ್ತರ: ಬಾವಿ ಕೊರೆಯುವ, ಕೊಳವೆ ಹೂಳುವ ಎರಡು ಮೂರು ವರ್ಷ ಸಿಗುತ್ತದೆ. ಆಮೇಲೆ ಸಮುದ್ರದ ನಡುವೆ ತೈಲ ಎತ್ತುವ ಹಡಗನ್ನು ನೂರಿನ್ನೂರು ಜನ ಪಾಳಿಯಲ್ಲಿ ನಡೆಸುತ್ತಾರೆ.