ತೋಳು ಕಂಡರೆ ಊರೆಲ್ಲ ಮಾತಾಡುತ್ತೆ

ಕಸರತ್ತು ಮಾಡಿ ಮೈ ಕಟ್ಟಿದವರಿಗೆ ಹಾದಿಬೀದಿಯಲ್ಲಿ ಎದುರಾಗುವ ಮಾತು, ನೋಟ, ಸವಾಲುಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದಿದ್ದಾರೆ. ಉತ್ತರ ಕೊಟ್ಟವರು ನಮ್ಮ ವ್ಯಾಯಾಮ ತರಬೇತುದಾರರು ಮತ್ತು ಫಿಸಿಯೋಥೆರಪಿಸ್ಟ್.

ಮೂರು ವರ್ಷದಿಂದ ಜಿಮ್‌ಗೆ ಹೋಗ್ತಿದೀನಿ. ಶಿರಾ–ತುಮಕೂರು ಬಸ್ಸಲ್ಲಿ ಪರಿಚಯವೇ ಇಲ್ಲದವರು ತೋಳು ಹಿಸುಕಿ ನೋಡ್ತಾರೆ. ‘ಯಾವ ಪೌಡರು? ಇಂಜೆಕ್ಷನ್ನಾ?’ ಅಂತ ಕೇಳ್ತಾರೆ. ಏನು ಹೇಳಲಿ?
— ಓದುಗ, 23, ಶಿರಾ

ನಮ್ಮ ಕಡೆ ‘ಸಣ್ಣ ಆಗಿದೀಯ’, ‘ದಪ್ಪ ಆಗಿದೀಯ’ ಅನ್ನುವುದು ‘ಊಟ ಆಯ್ತಾ’ ಅಂದಷ್ಟೇ ಸಲೀಸು. ಮೈ ಬಗ್ಗೆ ಮಾತಾಡುವುದು ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. ಆದ್ದರಿಂದ ಹತ್ತರಲ್ಲಿ ಎಂಟು ಜನರ ಪ್ರಶ್ನೆಯನ್ನು ಕುತೂಹಲ ಅಂತಲೇ ತೆಗೆದುಕೊಳ್ಳಿ. ಮುಟ್ಟುವುದು ಮಾತ್ರ ಬೇರೆ. ಕೈ ನಿಮ್ಮ ತೋಳಿನ ಕಡೆ ಬರುತ್ತಿದ್ದ ಹಾಗೆ ಅರ್ಧ ಹೆಜ್ಜೆ ತಿರುಗಿ, ನಿಮ್ಮ ಕೈಯನ್ನೇ ಮುಂದೆ ಚಾಚಿ ‘ನಮಸ್ಕಾರ ಅಣ್ಣ’ ಅನ್ನಿ. ತೋಳಿಗೆ ಬಂದ ಕೈ ಹಸ್ತಕ್ಕೆ ಸಿಗುತ್ತದೆ, ಅವರಿಗೂ ಅವಮಾನ ಆಗುವುದಿಲ್ಲ. ಎರಡನೇ ಸಲವೂ ಹಿಸುಕಿದರೆ ‘ಮುಟ್ಬೇಡಿ ಅಣ್ಣ, ನನಗೆ ಇಷ್ಟ ಆಗಲ್ಲ’ ಅಂತ ನೇರವಾಗಿ, ದನಿ ಏರಿಸದೆ ಹೇಳಿ. ನಕ್ಕು ಹೇಳಿದರೆ ಆಟ ಅಂದುಕೊಳ್ಳುತ್ತಾರೆ.

ಪೌಡರಿನ ಪ್ರಶ್ನೆಗೆ ಲೆಕ್ಕವೇ ಒಳ್ಳೆಯ ಉತ್ತರ. ಒಂದು ಸ್ಕೂಪ್ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪೌಡರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ಅಂದರೆ ನಾಲ್ಕು ಮೊಟ್ಟೆಯಷ್ಟು. ಮೈ ಬೆಳೆಸುವವರಿಗೆ ದೇಹದ ತೂಕದ ಕೆ.ಜಿ.ಗೆ 1.6 ಗ್ರಾಂ ಸಾಕು. 70 ಕೆ.ಜಿ. ಇದ್ದರೆ ದಿನಕ್ಕೆ 112 ಗ್ರಾಂ. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, 100 ಗ್ರಾಂ ಹುರುಳಿಕಾಳು, ಒಂದು ಹಿಡಿ ಕಡಲೆಕಾಯಿ ಬೀಜ, ಎರಡು ಮುದ್ದೆ, 150 ಗ್ರಾಂ ಕೋಳಿ ಮಾಂಸ ತಿಂದರೆ ಅದನ್ನೂ ದಾಟುತ್ತದೆ. ಒಂದು ಮಾತು: ಹುರುಳಿ ಕಟ್ಟಿನ ಸಾರು ಎಷ್ಟೇ ರುಚಿ ಇದ್ದರೂ ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲೇ. ಕಟ್ಟು ಬಸಿದುಕೊಂಡು ಕಾಳನ್ನು ದನಕ್ಕೆ ಹಾಕಬೇಡಿ.

ಇಂಜೆಕ್ಷನ್ ಬಗ್ಗೆ ಕೇಳುವವರಲ್ಲಿ ಹದಿನೇಳು ಹದಿನೆಂಟರ ಹುಡುಗರಿದ್ದರೆ ದಯವಿಟ್ಟು ನಿಂತು ಮಾತಾಡಿ. ಅವರು ನಿಮ್ಮನ್ನು ಅಣಕಿಸಲು ಕೇಳುತ್ತಿಲ್ಲ, ದಾರಿ ಕೇಳುತ್ತಿದ್ದಾರೆ. ಸ್ಟೀರಾಯ್ಡ್ ಚುಚ್ಚಿಕೊಂಡರೆ ದೇಹ ತನ್ನ ಟೆಸ್ಟೋಸ್ಟಿರೋನ್ (ಗಂಡಸಿನ ಹಾರ್ಮೋನು) ತಯಾರಿಕೆಯನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೆಲವರಿಗೆ ಎದೆಯಲ್ಲಿ ಗಂಟು ಬರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಔಷಧವಿಲ್ಲದೆ ಮೊದಲ ವರ್ಷ ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಮಾಂಸಖಂಡ ಬಂದರೆ ಅದೇ ದೊಡ್ಡದು, ಆಮೇಲೆ ಇನ್ನೂ ನಿಧಾನ ಅಂತ ಹೇಳಿ. ನೀವೇ ತೆಗೆದುಕೊಂಡಿದ್ದರೆ ಆ ಹುಡುಗನಿಗೆ ಸುಳ್ಳು ಹೇಳಬೇಡಿ. ‘ಬರೀ ಮುದ್ದೆ ಸೊಪ್ಪು’ ಅಂತ ನಂಬಿಸಿದರೆ ಆರು ತಿಂಗಳಿಗೆ ಬೇಸತ್ತು ಅವನೂ ಸೂಜಿ ಹುಡುಕುತ್ತಾನೆ.

ಊರ ಹಬ್ಬ, ಹೋಟೆಲು, ಎಲ್ಲಿ ಹೋದರೂ ಯಾರಾದರೊಬ್ಬರು ‘ಬಾ ಪಂಜ ಹಾಕು’ ಅಂತ ಮೊಳಕೈ ಊರುತ್ತಾರೆ. ಬೇಡ ಅಂದರೆ ‘ಗಾಳಿ ಬಾಡಿ’ ಅಂತಾರೆ.
— ಓದುಗ, 29, ಮುಳಬಾಗಿಲು

ಅನ್ನಲಿ ಬಿಡಿ. ಪಂಜ ಕುಸ್ತಿಯಲ್ಲಿ ಮುರಿಯುವುದು ಮಣಿಕಟ್ಟಲ್ಲ, ಭುಜಕ್ಕೂ ಮೊಳಕೈಗೂ ನಡುವಿನ ದೊಡ್ಡ ಮೂಳೆ, ಅದೂ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಮೊಳಕೈ ಮೇಜಿಗೆ ಅಂಟಿರುತ್ತದೆ, ಎದುರಾಳಿ ಮುಂಗೈಯನ್ನು ಹೊರಕ್ಕೆ ತಳ್ಳುತ್ತಿರುತ್ತಾನೆ, ನೀವು ಸೋಲಬಾರದೆಂದು ಮುಖ ತಿರುಗಿಸಿ ಮೈಯನ್ನೆಲ್ಲ ಒಳಕ್ಕೆ ಎಳೆಯುತ್ತೀರಿ. ಆಗ ಮೂಳೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಓರೆಯಾಗಿ ಸೀಳುತ್ತದೆ. ಟಪ್ ಅನ್ನುವ ಸದ್ದು ಪಕ್ಕದ ಮೇಜಿಗೂ ಕೇಳುತ್ತದೆ. ಬಲಿಷ್ಠರಿಗೂ ಈ ಅಪಾಯ ತಪ್ಪುವುದಿಲ್ಲ, ಏಕೆಂದರೆ ತಿರುಚುವ ಬಲ ಬರುವುದೂ ನಿಮ್ಮ ಸ್ವಂತ ಸ್ನಾಯುವಿನಿಂದಲೇ. ಜಿಮ್‌ನಲ್ಲಿ ಸ್ನಾಯು ಬೆಳೆದ ವೇಗದಲ್ಲಿ ಮೂಳೆ ಬೆಳೆದಿರುವುದಿಲ್ಲ.

ಆಡಲೇಬೇಕಾದರೆ ಮೂರು ಗಮನದಲ್ಲಿರಲಿ. ಕಣ್ಣು ಸದಾ ನಿಮ್ಮ ಮುಷ್ಟಿಯ ಮೇಲೆ ಇರಲಿ, ಮುಖ ತಿರುಗಿಸಿದರೆ ಭುಜವೂ ತಿರುಗುತ್ತದೆ. ಮುಷ್ಟಿ ಎದೆಯ ನೇರಕ್ಕೇ ಇರಲಿ, ಭುಜ ಮುಷ್ಟಿಗಿಂತ ಮುಂದೆ ಹೋಗದಿರಲಿ. ಕೈ ಅರ್ಧ ಇಳಿದ ಮೇಲೆ ಹಲ್ಲು ಕಚ್ಚಿ ತಡೆಯಬೇಡಿ, ಬಿಟ್ಟುಕೊಡಿ.

ಮುರಿದೇಹೋದರೆ ಕೈ ನೇರ ಮಾಡಲು, ನೀವಲು ಹೋಗಬೇಡಿ. ಮಡಿಸಿದ ನ್ಯೂಸ್‌ಪೇಪರ್ ಒತ್ತಿಟ್ಟು ಟವೆಲ್‌ನಿಂದ ತೋಳನ್ನು ಎದೆಗೆ ಕಟ್ಟಿ. ತೋಳು ಅಲುಗಿಸದೆ, ಮಣಿಕಟ್ಟಿನಿಂದ ಹಸ್ತವನ್ನು ಮಾತ್ರ ಮೇಲಕ್ಕೆ ಎತ್ತಲು ಆಗುತ್ತದಾ ನೋಡಿ. ಜೋತುಬಿದ್ದಿದ್ದರೆ ಮೂಳೆಗೆ ಸುತ್ತಿಕೊಂಡು ಹೋಗುವ ನರಕ್ಕೆ ಪೆಟ್ಟಾಗಿದೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ನಾಟಿ ಕಟ್ಟು ಹಾಕಿಸುವ ಯೋಚನೆ ಎಕ್ಸ್‌ರೇ ಆಗುವ ತನಕ ಬೇಡ.

ಬೇಡ ಅನ್ನಲು ನಿಜವನ್ನೇ ಹೇಳಿ: ‘ಇದರಲ್ಲಿ ಮೂಳೆ ಮುರಿಯುತ್ತಣ್ಣ, ನಂಗೆ ನಾಳೆ ಕೆಲಸ ಇದೆ.’ ಕುಡಿದವರಾದರೆ ಅಷ್ಟನ್ನೂ ಹೇಳದೆ ಜಾಗ ಬದಲಿಸಿ.

ನಾನು ಹುಡುಗಿ. ವಾರಕ್ಕೆ ನಾಲ್ಕು ದಿನ ಭಾರ ಎತ್ತುತ್ತೇನೆ. ಮದುವೆಮನೆಯಲ್ಲಿ ಗುರುತಿಲ್ಲದ ಹೆಂಗಸರೂ ‘ಗಂಡಸಿನ ತೋಳು ಬಂದಿದೆಯಲ್ಲೇ, ಮುಂದೆ ಮಕ್ಕಳಾಗಲ್ಲ’ ಅಂತಾರೆ. ಅಮ್ಮ ಅಳುತ್ತಾರೆ.
— ಓದುಗಿ, 26, ಚಿಂತಾಮಣಿ

ಮೊದಲು ಅಮ್ಮನಿಗೆ ಹೇಳಬೇಕಾದ್ದು. ಹೆಣ್ಣಿನ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಗಂಡಿನ ಹದಿನೈದನೇ ಒಂದು ಭಾಗದಷ್ಟು ಮಾತ್ರ. ಬರೀ ಭಾರ ಎತ್ತಿದ್ದಕ್ಕೆ ಗಂಡಸಿನ ಮೈ ಬರುವುದಿಲ್ಲ. ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಎರಡು ವಿಧ ಸೇರಿ 240 ಕೆ.ಜಿ. ಎತ್ತಿ ಕಂಚು ಗೆದ್ದರು. ಆಗ ಅವರು ಮದುವೆಯಾದವರು. ಆಮೇಲೆ ಅವರಿಗೆ ಮಗುವೂ ಆಯಿತು. ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತದಲ್ಲ, ಅದಕ್ಕೆ ಈಗಿನಿಂದ ಎತ್ತುವ ಭಾರವೇ ಠೇವಣಿ.

ನಿಜವಾಗಿ ತಪ್ಪುವುದು ಬೇರೆ ಕಡೆ. ‘ದಪ್ಪ ಕಾಣ್ತೀನಿ’ ಅಂತ ಊಟ ಕಡಿಮೆ ಮಾಡಿ ಕಸರತ್ತು ಹೆಚ್ಚಿಸಿದರೆ ಮುಟ್ಟು ನಿಲ್ಲಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಲೇಬಲ್ ಇಲ್ಲದ ಡಬ್ಬಿಯ ಮಾತ್ರೆಯನ್ನು ಯಾರು ಕೊಟ್ಟರೂ ನುಂಗಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು ದನಿ ಒಡೆದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಮದುವೆಮನೆಯ ಹೆಂಗಸರಿಗೆ ಜೀವಶಾಸ್ತ್ರ ಬೇಡ. ‘ನೀವು ಎಷ್ಟು ವರ್ಷ ಸೊಂಟದ ಮೇಲೆ ಬಿಂದಿಗೆ ಹೊತ್ತಿದ್ದೀರಿ ದೊಡ್ಡಮ್ಮ? ನಿಮ್ಮ ತೋಳು ತೋರಿಸಿ’ ಅನ್ನಿ. ಬಾವಿಯಿಂದ ನೀರು ಸೇದಿ, ರಾಗಿ ಬೀಸಿ ಬೆಳೆದ ಕೈಗಳವು. ಬಹಳ ಜನ ತೋಳು ತೋರಿಸಿ ತಮ್ಮ ಕಥೆ ಶುರು ಮಾಡುತ್ತಾರೆ, ಮಾತು ನಿಮ್ಮ ಮೇಲಿಂದ ಸರಿಯುತ್ತದೆ.

ರೆಡಿಮೇಡ್ ಶರ್ಟು ಎದೆಗೆ ಸರಿಯಾದರೆ ಹೊಟ್ಟೆ ಹತ್ತಿರ ಚೀಲ. ಹೊಟ್ಟೆಗೆ ಸರಿಯಾದರೆ ಗುಂಡಿ ಬಿಚ್ಚಿಕೊಳ್ಳುತ್ತೆ. ಜನ ‘ಬೇಕಂತ ಟೈಟ್ ಹಾಕ್ತಾನೆ, ಶೋ’ ಅಂತಾರೆ.
— ಓದುಗ, 31, ಕೋಲಾರ

ಜನರ ನೋಟವನ್ನು ಅರ್ಧಕ್ಕರ್ಧ ತಗ್ಗಿಸುವುದು ಒಳ್ಳೆಯ ಟೈಲರ್. ಅಳತೆಯನ್ನು ವ್ಯಾಯಾಮ ಆದ ತಕ್ಷಣ ಕೊಡಬೇಡಿ, ಆಗ ಮೈ ಉಬ್ಬಿರುತ್ತದೆ. ಎದೆಗೆ 4 ಇಂಚು ಲೂಸ್ ಹೇಳಿ. ತೋಳಿನ ಅಳತೆ ಕೈ ಮಡಚಿ, ಸ್ನಾಯು ಬಿಗಿ ಮಾಡಿ ಕೊಡಿ, ಅದಕ್ಕೆ ಮೇಲೆ 2 ಇಂಚು. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ನಿಲ್ಲಬೇಕು, ಉಬ್ಬಿದ ಮಾಂಸದ ಮೇಲೆ ಇಳಿದರೆ ಇನ್ನೂ ಅಗಲ ಕಾಣುತ್ತೀರಿ.

ಬಹಳ ಟೈಲರ್‌ಗಳು ದಪ್ಪ ತೋಳು ನೋಡಿ ಬಗಲನ್ನು ಕೆಳಕ್ಕೆ ಇಳಿಸಿ ಕತ್ತರಿಸುತ್ತಾರೆ. ತಪ್ಪಾಗುವುದು ಇಲ್ಲೇ. ಬಗಲು ಇಳಿದರೆ ಕೈ ಎತ್ತಿದಾಗ ಇಡೀ ಶರ್ಟು ಪ್ಯಾಂಟಿನಿಂದ ಹೊರಬರುತ್ತದೆ. ಬಗಲು ಮೇಲೇ ಇರಲಿ, ತೋಳಿನ ಬಟ್ಟೆ ಅಗಲವಾಗಲಿ. ಹಿಂಭಾಗಕ್ಕೆ ಎರಡು ಡಾರ್ಟ್ (ಬಟ್ಟೆ ಮಡಚಿ ಹಿಡಿಸುವ ಹೊಲಿಗೆ) ಹಾಕಿಸಿದರೆ ಹೊಟ್ಟೆಯ ಚೀಲ ಹೋಗುತ್ತದೆ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಎರಡೂ ಕೈ ಮುಂದೆ ಚಾಚಿ ಬಸ್ಸಿನ ಕಂಬಿ ಹಿಡಿದಂತೆ ನಿಲ್ಲಿ. ಎರಡನೇ ಮೂರನೇ ಗುಂಡಿಗಳ ನಡುವೆ ಬನಿಯನ್ ಕಂಡರೆ ಬಿಚ್ಚಿಸಿ. ಕಾಟನ್ ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿಯೇ ಕೊಡಿ.

ಪ್ಯಾಂಟನ್ನು ತೊಡೆಗೆ ನೋಡಿ ಕೊಂಡು ಸೊಂಟ ಹಿಡಿಸಿ. 2 ಇಂಚಿಗಿಂತ ಹೆಚ್ಚು ಹಿಡಿಸಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ಶೂರೆನ್ಸ್ ತಪಾಸಣೆಗೆ ಹೋಗಿದ್ದೆ. 168 ಸೆಂ.ಮೀ., 80 ಕೆ.ಜಿ. ‘ಬೊಜ್ಜು’ ಅಂತ ಬರೆದರು. ಬಿ.ಪಿ. ಜಾಸ್ತಿ, ಲಿವರ್ ಟೆಸ್ಟೂ ಜಾಸ್ತಿ. ‘ಏನು ತಗೊಳ್ತೀರಾ?’ ಅಂತ ಅನುಮಾನದಿಂದ ನೋಡಿದರು.
— ಓದುಗ, 34, ಗೌರಿಬಿದನೂರು

ಅನುಮಾನಕ್ಕೆ ಕೋಪ ಬೇಡ, ಕೇಳುವುದು ಅವರ ಕೆಲಸ. ನಿಮ್ಮ ಬಿ.ಎಂ.ಐ. (ಎತ್ತರಕ್ಕೆ ತೂಕ ಹೋಲಿಸುವ ಲೆಕ್ಕ) 28.3 ಆಗುತ್ತದೆ. ಭಾರತೀಯರಿಗೆ 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಈ ಲೆಕ್ಕಕ್ಕೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ತೆಗೆಸಿ, ಅದನ್ನೂ ಬರೆಯಲು ಕೇಳಿ. ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು.

ಬಿ.ಪಿ. ನೋಡಲು ತೋಳಿಗೆ ಸುತ್ತುವ ಪಟ್ಟಿಯದೇ (ಕಫ್) ದೊಡ್ಡ ಎಡವಟ್ಟು. ಮಾಮೂಲಿ ಪಟ್ಟಿ ಸುಮಾರು 34 ಸೆಂ.ಮೀ. ತೋಳಿನವರೆಗೆ ಸರಿ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಎಳೆದು ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ‘ದೊಡ್ಡ ಕಫ್ ಇದೆಯಾ ಸಿಸ್ಟರ್?’ ಅಂತ ಕೇಳಿ. ಐದು ನಿಮಿಷ ಬೆನ್ನು ಒರಗಿಸಿ ಕೂತು, ತೋಳನ್ನು ಎದೆಮಟ್ಟದಲ್ಲಿ ಇಟ್ಟು, ಮಾತಾಡದೆ ನೋಡಿಸಿ. ಅರ್ಧ ಗಂಟೆ ಮುಂಚೆ ಕಾಫಿ ಬೇಡ.

ಲಿವರ್ ಟೆಸ್ಟಿನಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಲಿವರಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಹಿಂದಿನ ದಿನ ಕಾಲಿನ ವ್ಯಾಯಾಮ ಜೋರಾಗಿ ಮಾಡಿ ರಕ್ತ ಕೊಟ್ಟರೆ ಏರಿರುತ್ತವೆ. ಒಂದು ವಾರ ಭಾರ ಬಿಟ್ಟು ಮತ್ತೆ ಮಾಡಿಸಿ, ಜೊತೆಗೆ ಜಿಜಿಟಿ (ಲಿವರಿನ ಇನ್ನೊಂದು ಕಿಣ್ವ) ಮತ್ತು ಸಿಕೆ (ಸ್ನಾಯುವಿನ ಕಿಣ್ವ) ಟೆಸ್ಟ್ ಸೇರಿಸಲು ಡಾಕ್ಟರನ್ನು ಕೇಳಿ. ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ. ಅದು ಸರಿಯಿದ್ದು ಸಿಕೆ ಏರಿದ್ದರೆ ಬೆರಳು ಸ್ನಾಯುವಿನ ಕಡೆ ತೋರುತ್ತದೆ. ಕ್ರಿಯೇಟಿನ್ (ಜಿಮ್‌ನವರು ಬಳಸುವ ಪೌಡರು) ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ಅದರಿಂದಲೂ ಏರಬಹುದು.

ಇಷ್ಟಾದ ಮೇಲೂ, ದೊಡ್ಡ ಕಫ್‌ನಲ್ಲೂ ಬಿ.ಪಿ. 140/90 ಇದ್ದರೆ ಅದು ಬಿ.ಪಿ.ಯೇ. ‘ನಂದು ಮಸಲ್ಲು’ ಅಂತ ತಳ್ಳಿಹಾಕಬೇಡಿ. ಕತ್ತು 17 ಇಂಚು ದಾಟಿದ್ದು, ಗೊರಕೆ ಜೋರಿದ್ದು, ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಅಂತಲೂ ತೋರಿಸಿ.

ರಾತ್ರಿ ಪಾಳಿ ಮುಗಿಸಿ ನಡೆದು ಬರುವಾಗ ಮುಂದೆ ಹೋಗುವ ಹೆಂಗಸರು ನನ್ನ ನೋಡಿ ಓಡುವ ಹಾಗೆ ನಡೀತಾರೆ. ತುಂಬ ಬೇಜಾರಾಗುತ್ತೆ.
— ಓದುಗ, 27, ತುಮಕೂರು

ನಿಮ್ಮ ಬೇಜಾರು ನಿಜ, ಅವರ ಭಯವೂ ನಿಜ. ಅವರಿಗೆ ಕಾಣುವುದು ದೀಪದ ಬೆಳಕಲ್ಲಿ ಅಗಲವಾದ ನೆರಳು ಮಾತ್ರ. ರಸ್ತೆ ದಾಟಿ ಎದುರು ಬದಿಗೆ ಹೋಗಿ, ಇಲ್ಲವೇ ಒಂದು ನಿಮಿಷ ನಿಂತು ದೂರ ಬಿಡಿ. ಹಿಂದಿನಿಂದ ವೇಗವಾಗಿ ದಾಟಲು ಹೋಗಬೇಡಿ. ಹುಡ್ ತೆಗೆದು ಮುಖ ಕಾಣಲಿ. ಮನೆಗೆ ಫೋನ್ ಮಾಡಿ ‘ಬರ್ತಿದೀನಮ್ಮ, ಅನ್ನ ಬಿಸಿ ಮಾಡು’ ಅಂತ ಕೇಳುವ ಹಾಗೆ ಮಾತಾಡಿದರೆ ಮುಂದಿರುವವರ ನಡಿಗೆ ನಿಧಾನವಾಗುವುದು ನಿಮಗೇ ಕಾಣುತ್ತದೆ. ‘ಹೆದರಬೇಡಿ’ ಅಂತ ಕೂಗುವುದು ಮಾತ್ರ ಬೇಡವೇ ಬೇಡ.

ಮಂಡಿಗೆ ಹೋದರೆ ‘ಬಾಡಿ ಇದೆಯಲ್ಲ, ಎತ್ತು’ ಅಂತ ಮೂಟೆ ತೋರಿಸ್ತಾರೆ. ಎತ್ತೋಕೆ ಹೋಗಿ ಸೊಂಟ ಹಿಡೀತು. ನಗ್ತಾರೆ.
— ಓದುಗ, 22, ಶ್ರೀನಿವಾಸಪುರ

50 ಕೆ.ಜಿ. ಮೂಟೆಯನ್ನು ದಿನವಿಡೀ ಹೊರುವ ಹಮಾಲಿಯ ತೋಳು ನಿಮ್ಮದರ ಅರ್ಧ ಇರಬಹುದು. ಯಾವ ಕೆಲಸವನ್ನು ದಿನಾ ಮಾಡುತ್ತೇವೋ ಆ ಶಕ್ತಿಯೇ ಮೈಗೆ ಬರುವುದು. ಜಿಮ್ಮಿನ ಕಬ್ಬಿಣ ಅಲುಗುವುದಿಲ್ಲ, ಹಿಡಿಕೆ ಇರುತ್ತದೆ. ಮೂಟೆಯೊಳಗೆ ಕಾಳು ಜರುಗುತ್ತಾ ಇರುತ್ತದೆ. ಹಮಾಲಿ ಅದನ್ನು ತೋಳಲ್ಲಿ ಎತ್ತುವುದೇ ಇಲ್ಲ, ಬೆನ್ನಿನ ಮೇಲ್ಭಾಗಕ್ಕೆ ಇಳಿಸಿಕೊಂಡು ಸೊಂಟದ ನೇರಕ್ಕೆ ಭಾರ ಕೂರಿಸಿ ಸಣ್ಣ ಹೆಜ್ಜೆ ಇಡುತ್ತಾನೆ. ಒಮ್ಮೆ ಅವನ ಪಕ್ಕ ನಿಂತು ನೋಡಿ ಕಲಿಯಿರಿ.

15 ಕೆ.ಜಿ. ಟೊಮೆಟೊ ಬಾಕ್ಸಿನಿಂದ ಶುರು ಮಾಡಿ. ಹೊಟ್ಟೆಗೆ ಅಂಟಿಸಿ ಎತ್ತಿ, ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಿ. ಮೂಟೆಗೆ ‘ನೀವೊಂದು ಕಡೆ ಹಿಡೀರಿ ಯಜಮಾನ್ರೇ’ ಅನ್ನಿ. ಹಿಡಿದಿರುವ ಸೊಂಟದ ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ತಡಮಾಡದೆ ತೋರಿಸಿ.

‘ತೋಳು ಎಷ್ಟು ಇಂಚು?’ ಅಂದಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಸರಿಯಾಗಿ ಅಳೆಯೋದು ಹೇಗೆ?
— ಓದುಗ, 19, ಶಿಡ್ಲಘಟ್ಟ

ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ. ಟೈಲರ್ ಟೇಪನ್ನು ಮಡಚಿದ ತೋಳಿನ ಅತಿ ಎತ್ತರದ ಜಾಗಕ್ಕೆ ಸುತ್ತಿ, ಚರ್ಮ ಒತ್ತದ ಹಾಗೆ. ಎರಡು ಸಲ ತೆಗೆದು ಕಡಿಮೆ ಬಂದದ್ದನ್ನು ಬರೆದಿಡಿ. ಮುಂದಿನ ಅಳತೆ ಎರಡು ತಿಂಗಳ ಮೇಲೆ, ಅದೇ ಟೇಪಿನಲ್ಲಿ.