ಮಿಲ್ಡ್ರೆಡ್ ಸುಖವಾಗಿದ್ದಳಾ?

*ಸಂಪಾದಕರೇ, ನೀವು ಹೇಳಿದಿರಿ ಅಂತ ರೇ ಬ್ರಾಡ್ಬರಿಯ ‘ಫ್ಯಾರನ್‌ಹೀಟ್ 451’ ಓದಿದೆ. ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧವಾದ ಆ ಲೋಕದಲ್ಲಿ, ಪುಸ್ತಕ ಸುಡುವುದೇ ಕೆಲಸವಾಗಿದ್ದ ಮಾಂಟ್ಯಾಗ್ ಆರಾಮಾಗಿದ್ದ. ಓದೋಕೆ ಶುರು ಮಾಡಿದ, ಮನೆ, ಹೆಂಡತಿ, ನೌಕರಿ ಎಲ್ಲ ಕಳೆದುಕೊಂಡ. ತಿಳಿದುಕೊಂಡು ಅಳುವುದಕ್ಕಿಂತ ತಿಳಿಯದೆ ನೆಮ್ಮದಿಯಾಗಿರುವುದು ಮೇಲಲ್ವಾ?*
— ಒಬ್ಬ ಓದುಗ, ಶಿವಮೊಗ್ಗ

ಪೂರ್ತಿ ಓದಿ, ಜಗಳಕ್ಕೂ ಬಂದಿದ್ದೀರಿ. ಇಂಥ ಓದುಗರು ಸಿಗುವುದೇ ಕಷ್ಟ. ನೀವು ಹೇಳಿದ್ದರಲ್ಲಿ ನಿಜವೂ ಇದೆ. ಮಾಂಟ್ಯಾಗ್ ಕಳೆದುಕೊಂಡದ್ದು ಸಣ್ಣದಲ್ಲ, ಎಲ್ಲರಿಗೂ ಅಷ್ಟು ಧೈರ್ಯ ಇರಬೇಕು ಅಂತ ನಾನೂ ಹೇಳುವುದಿಲ್ಲ.

ಆದರೆ ‘ಆರಾಮಾಗಿದ್ದ’ ಅಂದಿರಲ್ಲ, ಅಲ್ಲಿ ನೀವು ಸ್ವಲ್ಪ ಅವಸರ ಮಾಡಿದ್ದೀರಿ. ಮೊದಲ ಪುಟಗಳಲ್ಲೇ ಕ್ಲಾರಿಸ್ ಎಂಬ ಹುಡುಗಿ ಅವನನ್ನು ‘ನೀನು ಸುಖವಾಗಿದ್ದೀಯಾ?’ ಅಂತ ಕೇಳುತ್ತಾಳೆ. ಮನೆಯೊಳಗೆ ಹೋಗಿ ಕತ್ತಲಲ್ಲಿ ನಿಂತಾಗ ಅವನಿಗೆ ಗೊತ್ತಾಗುತ್ತದೆ, ಇಲ್ಲ ಅಂತ. ಆ ಹೊತ್ತಿಗೆ ಅವನು ಕೂತು ಒಂದು ಪುಸ್ತಕವನ್ನೂ ಓದಿರಲಿಲ್ಲ!

ಅದೇ ರಾತ್ರಿ ಹೆಂಡತಿ ಮಿಲ್ಡ್ರೆಡ್ ಬಾಟಲಿಯಲ್ಲಿದ್ದ ನಿದ್ರೆ ಮಾತ್ರೆಗಳನ್ನೆಲ್ಲ ನುಂಗಿ ಬಿದ್ದಿರುತ್ತಾಳೆ. ಬರುವವರು ಡಾಕ್ಟರಲ್ಲ, ಯಂತ್ರ ಹಿಡಿದ ಇಬ್ಬರು ಕೆಲಸಗಾರರು. ಹೊಟ್ಟೆ ತೊಳೆದು, ರಕ್ತ ಬದಲಾಯಿಸಿ, ರಾತ್ರಿಗೆ ಒಂಬತ್ತು ಹತ್ತು ಇಂಥ ಕೇಸು ಬರುತ್ತವೆ ಅಂತ ಹೇಳಿ ಹೊರಟುಬಿಡುತ್ತಾರೆ. ಬೆಳಿಗ್ಗೆ ಅವಳಿಗೆ ಏನೂ ನೆನಪಿಲ್ಲ, ಹಸಿವಾಗಿದೆ ಅಷ್ಟೇ. ಮೂರು ಗೋಡೆಗೆ ಟಿವಿ ಇದೆ, ನಾಲ್ಕನೆಯದು ಬೇಕು. ಅವಳನ್ನು ಸುಖವಾಗಿದ್ದವಳು ಅಂತ ಹೇಗೆ ಕರೆಯೋಣ? ತನಗೆ ದುಃಖವಾಗಿದೆ ಅಂತ ಹೇಳಲು ಕೂಡ ಅವಳ ಹತ್ತಿರ ಮಾತಿರಲಿಲ್ಲ.

ಇನ್ನೊಂದು ಗಮನಿಸಿ. ಪುಸ್ತಕ ಓದಿದರೆ ನೆಮ್ಮದಿ ಕೆಡುತ್ತದೆ ಅಂತ ಪುಟಗಟ್ಟಲೆ ವಾದ ಮಾಡುವವನು ಮಾಂಟ್ಯಾಗ್‌ನ ಮೇಲಧಿಕಾರಿ ಕ್ಯಾಪ್ಟನ್ ಬೀಟಿ. ಇಡೀ ಕಾದಂಬರಿಯಲ್ಲಿ ಜಾಸ್ತಿ ಓದಿದವರಲ್ಲಿ ಅವನೂ ಒಬ್ಬ, ಸಾಲು ಸಾಲೇ ಬಾಯಿಪಾಠ. ‘ನಿನಗ್ಯಾಕೆ ಓದು’ ಅನ್ನುವವರನ್ನು ನಾನೂ ತುಂಬ ನೋಡಿದ್ದೇನೆ. ಹೆಚ್ಚಿನವರು ತಾವು ಓದಿಕೊಂಡವರೇ.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ತವರಿನಿಂದ ಬಂದ ಕಾಗದಗಳನ್ನು ಪಕ್ಕದ ಮನೆಯವರು ಓದಿ ಹೇಳುತ್ತಿದ್ದರು, ಪ್ರತಿ ಸಲವೂ ‘ಎಲ್ಲ ಕ್ಷೇಮ’. ಸಾಕ್ಷರತಾ ಆಂದೋಲನದ ಕಾಲದಲ್ಲಿ, ಅರವತ್ತು ದಾಟಿದ ಮೇಲೆ, ಸಂಜೆ ತರಗತಿಗೆ ಹೋಗಿ ಅಕ್ಷರ ಕಲಿತಳು. ಒಂದು ದಿನ ಟ್ರಂಕಿನಿಂದ ಹಳೇ ಇನ್‌ಲ್ಯಾಂಡ್ ಲೆಟರುಗಳನ್ನು ತೆಗೆದು ಬೆರಳಿಟ್ಟು ಓದುತ್ತಾ ಕೂತಳು. ಒಂದರಲ್ಲಿ ಅವಳ ಅಣ್ಣ ಬರೆದಿದ್ದ: ಮೈ ಹುಷಾರಿಲ್ಲ, ಒಂದು ಸಲ ಬಂದು ಹೋಗು. ಅಣ್ಣ ತೀರಿಕೊಂಡು ಆಗಲೇ ಎಷ್ಟೋ ವರ್ಷ. ಪಕ್ಕದ ಮನೆಯವರು ಕೆಟ್ಟವರಲ್ಲ, ಪಾಪ ನೊಂದುಕೊಳ್ಳುತ್ತಾಳೆ ಅಂತ ಆ ಸಾಲು ಬಿಟ್ಟಿದ್ದರು. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಸಂಜೆ ಸ್ಲೇಟು ಹಿಡಿದುಕೊಂಡು ತರಗತಿಗೆ ಹೋದಳು. ಕಲಿತದ್ದು ತಪ್ಪಾಯಿತು ಅಂತ ಅವಳು ಒಂದು ದಿನವೂ ಹೇಳಿದ್ದು ನಾನು ಕೇಳಿಲ್ಲ. ನೀವು ಹೇಳುವ ನೆಮ್ಮದಿಯನ್ನು ಅವಳ ಬದಲು ಬೇರೆಯವರು ಆರಿಸಿಬಿಟ್ಟಿದ್ದರು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಬ್ರಾಡ್ಬರಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ದುಡ್ಡಿರಲಿಲ್ಲ. 1938ರಲ್ಲಿ ಹೈಸ್ಕೂಲು ಮುಗಿಸಿ, ಹತ್ತು ವರ್ಷ ವಾರಕ್ಕೆ ಮೂರು ದಿನ ಲೈಬ್ರರಿಯಲ್ಲೇ ಕೂತು ಓದಿದರು. 1953ರಲ್ಲಿ ಬಂದ ಈ ಕಾದಂಬರಿಯ ಮೊದಲ ರೂಪವನ್ನು ಬರೆದದ್ದೂ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರ ಲೈಬ್ರರಿಯ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ 10 ಸೆಂಟ್ ಬಾಡಿಗೆಯ ಟೈಪ್‌ರೈಟರಿನ ಮೇಲೆ. ಒಟ್ಟು ಖರ್ಚು 9 ಡಾಲರ್ 80 ಸೆಂಟ್. ನಡುನಡುವೆ ಮೇಲಿನ ಮಹಡಿಗಳಿಗೆ ಓಡಿ, ಕೈಗೆ ಸಿಕ್ಕ ಪುಸ್ತಕ ತೆರೆದು ನೋಡಿ ಬರುತ್ತಿದ್ದರಂತೆ.

ನಮ್ಮಲ್ಲಿ ಪುಸ್ತಕ ಸುಡಲು ಯಾರೂ ಬರಬೇಕಾಗಿಲ್ಲ. 1965ರ ಕಾಯ್ದೆಯಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಹೋದ ತಿಂಗಳು ನಮ್ಮ ಬಡಾವಣೆಯ ಲೈಬ್ರರಿಗೆ ಮೂರು ಸಲ ಹೋದೆ, ಮೂರು ಸಲವೂ ಬೀಗ. ನಾಲ್ಕನೇ ಸಲ ತೆರೆದಿತ್ತು. ಪೇಪರ್ ಓದಲು ಬಂದ ಇಬ್ಬರು ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ, ಮಳೆ ನೀರು ಕುಡಿದು ಉಬ್ಬಿದ ಕಾದಂಬರಿಗಳ ಒಂದು ಸಾಲು. ಮಕ್ಕಳ ಕಪಾಟಿನ ಕೀಲಿ ಯಾರ ಹತ್ತಿರ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಮ್ಮ ಬಡಾವಣೆಯಲ್ಲಿ ಲೈಬ್ರರಿ ಇದೆಯಾ? ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ? ಮುಂದಿನ ಪತ್ರದಲ್ಲಿ ಅದನ್ನೂ ಬರೆಯಿರಿ.