13 ವರ್ಷದ ಹುಡುಗನಿಗೆ ಯಾವ ಬೋರ್ ಕೋವಿ ಸರಿ?

ಮಂಡ್ಯದಿಂದ ಕೇಳಿದ್ದೀರಿ: ಮಗ ಗಾಳಿಗೆ ಎಸೆದ ತಟ್ಟೆಗೆ ಗುರಿ ಹೊಡೆಯೋದನ್ನು ಕಲಿಯಬೇಕು, ಮನೆಯಲ್ಲಿ ತಾತನ 12 ಬೋರ್ ಕೋವಿ ಇದೆ, ಅದೇ ಸಾಕಾ ಅಂತ. ಬೇಡ. 20 ಬೋರ್‌ನಿಂದ ಶುರು ಮಾಡಿಸಿ.

ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ. ನಂಬರ್ ಜಾಸ್ತಿಯಾದಷ್ಟೂ ಅಗಲ ಕಡಿಮೆ. 12 ಬೋರ್ ಸುಮಾರು 18.5 ಮಿಲಿಮೀಟರ್, 20 ಬೋರ್ ಸುಮಾರು 15.6. 20ರಲ್ಲಿ ಒದೆತ, ಅಂದರೆ ಹೊಡೆದಾಗ ಭುಜಕ್ಕೆ ಬೀಳುವ ಏಟು, ಕಡಿಮೆ. ಹಾಗಂತ ತೀರಾ ಹಗುರದ ಕೋವಿ ತರಬೇಡಿ, ಅದೇ ತೋಟಾಕ್ಕೆ ಹಗುರ ಕೋವಿ ಜಾಸ್ತಿ ಒದೆಯುತ್ತದೆ. ಒಮ್ಮೆ ಭುಜ ನೊಂದ ಹುಡುಗ ಮುಂದಿನ ಸಲ ಕುದುರೆ (ಟ್ರಿಗರ್) ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ಆ ಅಭ್ಯಾಸ ಬಿಡಿಸೋದು ತುಂಬಾ ಕಷ್ಟ. 410 (ಇದು ಬೋರ್ ನಂಬರ್ ಅಲ್ಲ, 0.410 ಇಂಚಿನ ನಳಿಗೆಯ ಕೋವಿ) ಇನ್ನೂ ಮೆತ್ತಗೆ, ನಿಜ. ಆದರೆ ಅದರ ತೋಟಾದಲ್ಲಿ ಚರೆ (ಸಣ್ಣ ಗುಂಡು) ಕಡಿಮೆ, ತಟ್ಟೆ ತಪ್ಪಿ ತಪ್ಪಿ ಮಗುವಿಗೆ ಬೇಸರ ಬರುತ್ತದೆ, ಅಲ್ವಾ?

ಇದೊಂದು ಮಾತ್ರ ಮರೆಯಬೇಡಿ: 12ರ ತೋಟಾ, 20ರ ತೋಟಾ ಒಂದೇ ಜೇಬಿನಲ್ಲಿ ಬೇಡ. 20ರದ್ದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12ರದ್ದೊಂದು ತುಂಬಿ ಹೊಡೆದರೆ ನಳಿಗೆಯೇ ಸಿಡಿಯಬಹುದು. 20ರ ತೋಟಾ ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರೋದು ಇದಕ್ಕೇ.

ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಕಲಿಕೆ ಏನಿದ್ದರೂ ಲೈಸೆನ್ಸ್ ಇರುವ ಕ್ಲಬ್‌ನಲ್ಲಿ, ಕೋಚ್ ಎದುರಿಗೇ ಆಗಲಿ.